ಒಂಟೆಯ ಡಿಎನ್‌ಎ ಕಲಸಿಹೋಗಿದ್ದರೆ ಸ್ಯಾಂಪಲ್ ಕೆಟ್ಟಿದೆ ಅಂತಲ್ಲ

ಕೊಲ್ಲಿಯ ಕಡೆ ಒಂದು ಲ್ಯಾಬ್‌ನಲ್ಲಿ ಪ್ರಾಣಿಗಳ ಡಿಎನ್‌ಎ ನೋಡುವುದು ನನ್ನ ಕೆಲಸ. ಬರುವುದು ಹೆಚ್ಚಾಗಿ ಒಂಟೆಯದೇ. ಈ ಮರಿಯ ಅಪ್ಪ ಅಮ್ಮ ಇವೇ ಹೌದಾ ಅಂತ ಹೇಳಬೇಕು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಬರುತ್ತದೆ, ಇಲ್ಲವೇ ಕಾಗದದ ಕವರಿನಲ್ಲಿ ಬಾಲದ ಕೂದಲು. ಕೂದಲನ್ನು ಕಿತ್ತು ಕಳಿಸಬೇಕು, ಕತ್ತರಿಸಿ ಅಲ್ಲ. ಬುಡದಲ್ಲಿ ಬಿಳಿ ಗುಂಡು ಇಲ್ಲದಿದ್ದರೆ ಕಂತೆಗಟ್ಟಲೆ ಕಳಿಸಿದರೂ ನಮಗೆ ಉಪಯೋಗವಿಲ್ಲ.

ಡಿಎನ್‌ಎ ಹೋಲುವ ಪ್ರಾಣಿಗಳು ಹತ್ತಿರ ಹತ್ತಿರ ಬೀಳುವಂಥ ಒಂದು ಗ್ರಾಫು ನಾವು ಹಾಕುತ್ತೇವೆ. ಹೊಸಬರು ದನದ ಡೇಟಾ ನೋಡಿ ಬಂದಿರುತ್ತಾರೆ. ಅಲ್ಲಿ ನಮ್ಮ ಡುಬ್ಬದ ದನ ಒಂದು ಕಡೆ, ಯುರೋಪಿನ ತಳಿ ಇನ್ನೊಂದು ಕಡೆ ನೀಟಾಗಿ ಕೂರುತ್ತವೆ. ಒಂಟೆಯ ಗ್ರಾಫು ಹಾಗೆ ಬಿಡಿಸಿಕೊಳ್ಳುವುದಿಲ್ಲ. ಮೊನ್ನೆ ಮಂಗಳೂರಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಒಮಾನಿಂದು ಹೋಗಿ ಸುಡಾನಿನ ಜೊತೆ ಬಿದ್ದಿದೆ. ಲೇಬಲ್ ಅದಲುಬದಲಾಗಿರಬೇಕು. ತೆಗೆದುಬಿಡ್ಲಾ?"

ಬೇಡಮ್ಮ ಅಂದೆ. ಅನುಮಾನ ಇದ್ದರೆ ಎರಡನೇ ಟ್ಯೂಬಿನಿಂದ ಮತ್ತೆ ಓಡಿಸು, ಅಂದರೆ ಪರೀಕ್ಷೆ ಮೊದಲಿಂದ ಮಾಡು. ಅದೇ ಬಂದರೆ ಅದೇ ಉತ್ತರ.

2016ರಲ್ಲಿ ವಿಯೆನ್ನಾದ ಪಮೇಲಾ ಬರ್ಗರ್, ಸೌದಿಯ ಫೈಸಲ್ ಅಲ್ಮಾಥೆನ್ ಮತ್ತಿತರ ವಿಜ್ಞಾನಿಗಳು 1,083 ಒಂಟೆಗಳ ಡಿಎನ್‌ಎ ನೋಡಿ ಬರೆದದ್ದೂ ಇದನ್ನೇ. ಒಂದೇ ಡುಬ್ಬದ ಒಂಟೆಗಳು ದೇಶದಿಂದ ದೇಶಕ್ಕೆ ಅಷ್ಟಾಗಿ ಬೇರೆಯಾಗಿಲ್ಲ. ಯಾಕೆ? ಶತಮಾನಗಟ್ಟಲೆ ಸರಕು ಹೊತ್ತು ತಿರುಗಿವೆ. ದಾರಿಯಲ್ಲಿ ಒಂದು ಸತ್ತರೆ ಅಲ್ಲೇ ಇನ್ನೊಂದನ್ನು ಕೊಳ್ಳುವುದು, ಅದು ಮತ್ತೆಲ್ಲೋ ಮರಿ ಹಾಕುವುದು. ಪೂರ್ವ ಆಫ್ರಿಕಾದವು ಮಾತ್ರ ಸ್ವಲ್ಪ ದೂರ ನಿಲ್ಲುತ್ತವೆ. ಸೊಮಾಲಿಯಾ, ಕೆನ್ಯಾ ಕಡೆ ಒಂಟೆ ಅಂದರೆ ಮೊದಲು ಹಾಲು.

ಹಾಗಾದರೆ ಮೂಲ ಎಲ್ಲಿ? ಈಗಿನ ಒಂಟೆಗಳನ್ನಷ್ಟೇ ನೋಡಿದರೆ ಗೊತ್ತಾಗುವುದಿಲ್ಲ, ಮೂಳೆಗೇ ಹೋಗಬೇಕು. ಇಂದು ದುಬೈನ ಕಟ್ಟಡಗಳ ನಡುವೆ ಇರುವ ಅಲ್ ಸುಫೂಹ್‌ನಲ್ಲಿ ಕಂಚಿನ ಯುಗದ ಜನ ಬೇಟೆಯಾಡಿದ ಕಾಡು ಒಂಟೆಗಳ ಮೂಳೆ ಸಿಕ್ಕಿವೆ. ಅಲ್ಲಿಂದ ಉತ್ತರಕ್ಕೆ ಟೆಲ್ ಅಬ್ರಾಕ್ ಅನ್ನುವ ಹಳೇ ಊರಿನ ದಿಬ್ಬ ಇದೆ. ಅದರ ಹಳೇ ಪದರದ ಮೂಳೆಗಳು ದಪ್ಪ, ಕಬ್ಬಿಣ ಯುಗದ ಪದರಕ್ಕೆ ಬಂದರೆ ಸಣ್ಣ. ಸಾಕಿದ ಪ್ರಾಣಿ ಕಾಡಿನದಕ್ಕಿಂತ ಸಣ್ಣಗಾಗುವುದು ಮಾಮೂಲು. ಕಾಲ ಸುಮಾರು ಕ್ರಿ.ಪೂ. 1000. ದನ, ಕುರಿ ಪಳಗಿ ಎಷ್ಟೋ ಸಾವಿರ ವರ್ಷ ಆದಮೇಲೆ ಒಂಟೆಯ ಸರದಿ!

ಬಿಸಿ ಮರಳಿನಲ್ಲಿ ಡಿಎನ್‌ಎ ಬೇಗ ಹಾಳಾಗುತ್ತದೆ. ಹಳೇ ಮೂಳೆಯಿಂದ ಹೆಚ್ಚಾಗಿ ಕೈಗೆ ಬರುವುದು ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಕೊಡುವ ಪುಟ್ಟ ಭಾಗ) ಡಿಎನ್‌ಎ ತುಣುಕುಗಳೇ, ಯಾಕಂದರೆ ಒಂದೊಂದು ಜೀವಕೋಶದಲ್ಲೂ ಅದರ ಪ್ರತಿಗಳು ಜಾಸ್ತಿ. ಅದು ತಾಯಿಯಿಂದಷ್ಟೇ ಬರುವಂಥದ್ದು. ಅದನ್ನು ಈಗಿನ ಒಂಟೆಗಳ ಜೊತೆ ಇಟ್ಟು ನೋಡಿದಾಗ ಅರೇಬಿಯಾದ ಆಗ್ನೇಯ ಭಾಗದ ಕಡೆ ಬೆರಳು ಹೋಯಿತು. ಇನ್ನೊಂದು ವಿಷಯವೂ ಹೊರಬಿತ್ತು: ಒಮ್ಮೆ ಪಳಗಿಸಿ ಅಲ್ಲಿಗೇ ನಿಲ್ಲಿಸಿಲ್ಲ. ಆಮೇಲೂ ಕಾಡು ಒಂಟೆಗಳ ರಕ್ತ ಮಂದೆಗೆ ಸೇರಿದೆ. ನನಗೆ ಇಡೀ ಕಥೆಯಲ್ಲಿ ಇಷ್ಟವಾದದ್ದು ಇದೇ. ಆ ಕಾಡು ಒಂಟೆಗಳು ಈಗ ಒಂದೂ ಉಳಿದಿಲ್ಲ. ಆಸ್ಟ್ರೇಲಿಯಾದಲ್ಲಿ ಅಲೆಯುವವು 19ನೇ ಶತಮಾನದಲ್ಲಿ ಹಡಗಿನಲ್ಲಿ ಒಯ್ದು, ಆಮೇಲೆ ಬಿಟ್ಟ ಸಾಕುಪ್ರಾಣಿಗಳ ಸಂತತಿ, ಅವುಗಳಲ್ಲಿ ಎಷ್ಟೋ ಆಗಿನ ಬ್ರಿಟಿಷ್ ಇಂಡಿಯಾದಿಂದ ಹೋದವು.

ಎರಡು ಡುಬ್ಬದವುಗಳ ಕಥೆ ಬೇರೆ. ಗೋಬಿ ಮರುಭೂಮಿಯಲ್ಲಿ ಇನ್ನೂ ಕಾಡು ಒಂಟೆಗಳಿವೆ. ಆದರೆ ಅವು ಸಾಕು ಒಂಟೆಯ ಅಜ್ಜ ಅಲ್ಲ. ಎರಡೂ ಬೇರೆಯಾಗಿ ಲಕ್ಷಗಟ್ಟಲೆ ವರ್ಷ ಆಗಿದೆ.

ಆ ಒಮಾನಿನ ಸ್ಯಾಂಪಲ್ ಮತ್ತೆ ಓಡಿಸಿದಾಗಲೂ ಸುಡಾನಿನ ಪಕ್ಕದಲ್ಲೇ ಬಿತ್ತು. ವಿಚಾರಿಸಿದರೆ ಅದರ ಅಜ್ಜಿಯನ್ನು ಸುಡಾನಿನಿಂದಲೇ ಕೊಂಡದ್ದಂತೆ. ಈಗ ನಮ್ಮ ಫಾರಂನಲ್ಲಿ "ತಾಯಿಯನ್ನು ಎಲ್ಲಿಂದ ಕೊಂಡದ್ದು" ಅಂತ ಒಂದು ಸಾಲು ಇದೆ. ಮಾಲೀಕರು ಅದನ್ನು ಖಾಲಿ ಬಿಡುತ್ತಾರೆ. ಮೇಯಿಸುವವರನ್ನು ಕೇಳಿದರೆ ಮುತ್ತಜ್ಜಿವರೆಗೂ ಹೇಳುತ್ತಾರೆ. ಅದಕ್ಕೇ ಸ್ಯಾಂಪಲ್ ತರಲು ಹೋಗುವವರಿಗೆ ಮೇಯಿಸುವವರ ಫೋನ್ ನಂಬರ್ ಕೂಡ ಬರೆದುಕೊಂಡು ಬನ್ನಿ ಅಂತ ಹೇಳಿದ್ದೇವೆ.