ಟೇಬಲ್ ರಾಕ್‌ನ ತಳ ತಡವುತ್ತಾ

ಸೇಂಟ್ ಲೂಯಿಸ್‌ನಿಂದ ಇಂಟರ್‌ಸ್ಟೇಟ್ 44 ಹಿಡಿದು ಸ್ಪ್ರಿಂಗ್‌ಫೀಲ್ಡ್, ಅಲ್ಲಿಂದ 65ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ. ಭಾವನ ಜೊತೆ ಅಮೆರಿಕದ ಮಿಸೂರಿಯ ಟೇಬಲ್ ರಾಕ್ ಸರೋವರಕ್ಕೆ ಬಾಸ್ ಮೀನು ಹಿಡಿಯಲು ಹೊರಟಿದ್ದೆ. ಬ್ರಾನ್ಸನ್ ಹತ್ತಿರವಾದಂತೆ ಗುಡ್ಡ ಸೀಳಿದ ರಸ್ತೆಯ ಎರಡೂ ಬದಿಗೆ ಸುಣ್ಣದಕಲ್ಲಿನ ಪದರಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣತೊಡಗುತ್ತವೆ. ಏಪ್ರಿಲ್ ಆರಂಭ. ಇಲ್ಲಿಯ ಓಝಾರ್ಕ್ ಗುಡ್ಡಗಾಡಿನ ಕಾಡಿನ್ನೂ ಬೋಳು ಬೋಳು, ರೆಡ್‌ಬಡ್ ಮರಗಳು ಮಾತ್ರ ಮೈತುಂಬ ಹೂಬಿಟ್ಟಿದ್ದವು. ನನ್ನ ಕಣ್ಣು ಹೂವಿನ ಮೇಲಿದ್ದರೆ ಭಾವನ ಗಮನವೆಲ್ಲ ಕಲ್ಲಿನ ಮೇಲೆ. "ಈ ಕಲ್ಲನ್ನ ಚೆನ್ನಾಗಿ ನೋಡಿಟ್ಟುಕೊ. ನಾಳೆ ಇದೇ ನೀರಿನಡಿ ಸಿಗುತ್ತೆ" ಅಂದರು.

ಟೇಬಲ್ ರಾಕ್ ಅಂದರೆ ವೈಟ್ ನದಿಯ ಹಿನ್ನೀರು. ಅಮೆರಿಕದ ಸೇನಾ ಎಂಜಿನಿಯರುಗಳ ಪಡೆ ಇಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1958ರಲ್ಲಿ. ಸುಮಾರು 43,000 ಎಕರೆ ನೀರು, ಬಹುಪಾಲು ಮಿಸೂರಿಯಲ್ಲಿ, ಕೆಲವು ತೋಳುಗಳು ಆರ್ಕನ್ಸಾದೊಳಕ್ಕೆ. ಗುಡ್ಡಗಳ ನಡುವೆ ನೀರು ಏರಿದ್ದರಿಂದ ಪ್ರತಿ ಕಣಿವೆಯೂ ಒಂದು ಕೊಲ್ಲಿಯಾಗಿದೆ. ಮುಳುಗಿದ ಸೀಡರ್ ಮರಗಳು ಹಲವು ಕಡೆ ನೀರೊಳಗೆ ಇನ್ನೂ ನಿಂತಿವೆ. ಇಂಥ ಜಾಗವನ್ನು ದಡದಿಂದ ನೋಡಿದರೆ ಅರ್ಧ ಊರು ನೋಡಿದಷ್ಟೇ. ಉಳಿದರ್ಧ ನೋಡಲು ಜಿಗ್ ಬೇಕು.

ಜಿಗ್ ಅಂದರೆ ತಳಕ್ಕೆ ಮುಳುಗುವ ಒಂದು ಬಗೆಯ ಗಾಳ: ಕೊಕ್ಕೆಯ ತಲೆಗೆ ಎರಕ ಹೊಯ್ದ ಸೀಸದ ಗುಂಡು, ಕೆಲವರದು ಟಂಗ್‌ಸ್ಟನ್. ಕೊಕ್ಕೆಯ ಸುತ್ತ ಸಿಲಿಕೋನ್ ಎಳೆಗಳ ಲಂಗ, ಕಸಕಡ್ಡಿ ಸಿಕ್ಕದಂತೆ ಬಿರುಸು ನಾರಿನ ಕುಚ್ಚು, ಹಿಂದೆ ಕೊಂಡಿಯಾಡಿಸುವ ಮೆತ್ತನೆ ಪ್ಲಾಸ್ಟಿಕ್ ಬಾಲ. ನೀರೊಳಗೆ ಇದು ಕ್ರೇಫಿಶ್, ಅಂದರೆ ಏಡಿಯಂಥ ಕೊಂಡಿಗಳಿರುವ, ಸೀಗಡಿಯನ್ನು ಹೋಲುವ ಸಿಹಿನೀರಿನ ಜೀವಿ. ಓಝಾರ್ಕಿನ ಕಲ್ಲುಸಂದುಗಳಲ್ಲಿ ಕ್ರೇಫಿಶ್‌ಗೆ ಬರವಿಲ್ಲ, ಬಾಸ್‌ಗೆ ಅದೆಂದರೆ ಪ್ರಾಣ. ಭಾವ ಆರಿಸಿಕೊಟ್ಟದ್ದು ಅರ್ಧ ಔನ್ಸಿನ ಫುಟ್‌ಬಾಲ್ ಜಿಗ್, ಕಂದು ಬಣ್ಣಕ್ಕೆ ಒಂದೆರಡು ಕಿತ್ತಳೆ ಎಳೆ. ಅದರ ಅಡ್ಡ ಉದ್ದನೆಯ ತಲೆ ಕಲ್ಲಿನ ಬಿರುಕಿಗೆ ಸುಲಭವಾಗಿ ಕಚ್ಚಿಕೊಳ್ಳುವುದಿಲ್ಲ. ಎಳೆದಾಗ ಮುಂದಕ್ಕೆ ಹೊರಳಿ ಬಾಲವನ್ನು ಮೇಲೆತ್ತುತ್ತದೆ. ಹೆದರಿದ ಕ್ರೇಫಿಶ್ ಕೊಂಡಿ ಎತ್ತಿ ನಿಲ್ಲುವ ಭಂಗಿ ಅದೇ.

ಬೆಳಗ್ಗೆ ಕಿಂಬರ್ಲಿಂಗ್ ಸಿಟಿಯಿಂದ ಬೋಟ್ ಬಿಟ್ಟು ಜೇಮ್ಸ್ ನದಿಯ ತೋಳಿನ ಕಡೆ ಹೋದೆವು. ಅಣೆಕಟ್ಟಿನ ಬಳಿಯ ತಿಳಿನೀರಿಗಿಂತ ಇಲ್ಲಿ ನೀರಿಗೆ ತುಸು ಬಣ್ಣವಿರುತ್ತದೆ, ವಸಂತದಲ್ಲಿ ಬೇಗ ಬೆಚ್ಚಗಾಗುತ್ತದೆ. ಮೊಟ್ಟೆಯಿಡುವ ಮುಂಚಿನ ದಿನಗಳಲ್ಲಿ ಬಾಸ್ ಆಳದಿಂದ ಮೇಲೆ ಬರುತ್ತಾ, ಕೊಲ್ಲಿಗಳ ಬಾಯಲ್ಲಿ ಚಾಚಿಕೊಂಡ ಕಲ್ಲುಮೂಲೆಗಳಲ್ಲಿ ತಂಗುತ್ತದೆ. ಅಂಥದೊಂದು ಮೂಲೆಯ ಎದುರು ಭಾವ ಟ್ರೋಲಿಂಗ್ ಮೋಟಾರ್ ಇಳಿಸಿದರು, ಬೋಟನ್ನು ಸದ್ದಿಲ್ಲದೆ ನಿಧಾನವಾಗಿ ನಡೆಸುವ ಸಣ್ಣ ವಿದ್ಯುತ್ ಮೋಟಾರದು.

"ಬೀಳೋವರೆಗೂ ಲೈನ್ ಬಿಡು. ಆಮೇಲೆ ಎಳಿ. ನಿಧಾನ, ಇನ್ನೂ ನಿಧಾನ."

ಜಿಗ್ ತಳ ಮುಟ್ಟಿದ್ದು ಲೈನ್ ಸಡಿಲಾದಾಗ ಗೊತ್ತಾಯಿತು. ರಾಡನ್ನು ಪಕ್ಕಕ್ಕೆ ಒಂದಡಿ ಸರಿಸಿದೆ. ಮೊರದಲ್ಲಿ ಅಕ್ಕಿ ಆರಿಸುವಾಗಿನ ಹಾಗೆ ಬೆರಳಿಗೆ ಸಣ್ಣ ಸಣ್ಣ ಹರಳು ಸಿಕ್ಕುತ್ತಾ ಹೋದವು: ಜಲ್ಲಿ. ಸ್ವಲ್ಪ ದೂರದಲ್ಲಿ ಠಕ್, ಮತ್ತೆ ಠಕ್: ದೊಡ್ಡ ಕಲ್ಲು. ಆಮೇಲೆ ಲೈನ್ ದಿಢೀರನೆ ಹಗುರವಾಗಿ ಜಿಗ್ ಕೆಳಗಿಳಿಯಿತು. ಹಿಂದಿನ ದಿನ ರಸ್ತೆ ಬದಿಗೆ ಕಂಡ ಪದರಗಳ ಮೆಟ್ಟಿಲು! ಒಂದನ್ನು ದಾಟಿ ಇನ್ನೊಂದಕ್ಕೆ ಬಿದ್ದಿತ್ತು ಜಿಗ್. ಶಬ್ದದ ಅಲೆಗಳಿಂದ ತಳವನ್ನು ತೋರಿಸುವ ಸೋನಾರ್ ಪರದೆಯಲ್ಲೂ ಇದೆಲ್ಲ ಗೆರೆಯಾಗಿ ಕಾಣುತ್ತದೆ, ನಿಜ. ಆದರೆ ಜಲ್ಲಿಯ ಒರಟು, ಬಂಡೆಯ ಅಂಚು, ಸೀಡರ್ ಕೊಂಬೆಯ ಜಗ್ಗು ಕೈಗೆ ತಿಳಿಯುವಷ್ಟು ಖಚಿತವಾಗಿ ಯಾವ ಪರದೆಯೂ ಹೇಳಲಾರದು. ಅರವತ್ತು ಚಿಲ್ಲರೆ ವರ್ಷ ಬೆಳಕಿಗೆ ಬರದ ಕಣಿವೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆದಾಡಿದ ಸಂತೋಷವದು. ಇದಕ್ಕಾಗಿಯೇ ಮಿಕ್ಕೆಲ್ಲ ಗಾಳಕ್ಕಿಂತ ಜಿಗ್ ನನಗಿಷ್ಟ.

ಮೀನು ಹಿಡಿದದ್ದು ಹಾಗೆ ಮೆಟ್ಟಿಲಿಳಿಯುವಾಗಲೇ. ಸೆಳೆತವೇನೂ ಇರಲಿಲ್ಲ, ತಳ ಮುಟ್ಟಬೇಕಿದ್ದ ಜಿಗ್ ಮುಟ್ಟಲಿಲ್ಲ, ಲೈನ್ ಮೆಲ್ಲಗೆ ಎಡಕ್ಕೆ ಸರಿಯಿತು, ಅಷ್ಟೆ. ಬಾಸ್ ನೀರಿನ ಸಮೇತ ಬೇಟೆಯನ್ನು ಬಾಯಿಗೆಳೆದುಕೊಳ್ಳುತ್ತದೆ, ಸುಳ್ಳು ಅನಿಸಿದರೆ ಉಗುಳುವುದಕ್ಕೂ ಹೊತ್ತು ಬೇಡ. ಸಡಿಲ ಲೈನ್ ಸುತ್ತಿ ರಾಡ್ ಜೋರಾಗಿ ಎತ್ತಿದೆ. ಕೊಕ್ಕೆ ನಾಟಿತು.

ಬೋಟಿಗೆ ಬಂದದ್ದನ್ನು ನಾನು ಲಾರ್ಜ್‌ಮೌತ್, ಅಂದರೆ ದೊಡ್ಡ ಬಾಯಿಯ ಬಾಸ್ ಅಂದುಕೊಂಡಿದ್ದೆ. "ಬಾಯಿ ನೋಡು" ಅಂದರು ಭಾವ. ಲಾರ್ಜ್‌ಮೌತ್‌ನ ಮೇಲ್ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಇದರದ್ದು ಅಷ್ಟು ಹೋಗಿರಲಿಲ್ಲ. ನಾಲಿಗೆಯ ಮೇಲೆ ಹೆಬ್ಬೆರಳಾಡಿಸಿದರೆ ಉಪ್ಪುಕಾಗದದ ತರಿ. ಸ್ಪಾಟೆಡ್ ಬಾಸ್, ಇಲ್ಲಿಯವರು ಕೆಂಟಕಿ ಎನ್ನುತ್ತಾರೆ. ಲಾರ್ಜ್‌ಮೌತ್, ಸ್ಮಾಲ್‌ಮೌತ್, ಕೆಂಟಕಿ ಮೂರೂ ಒಂದೇ ನೀರಲ್ಲಿ ಸಿಗುವುದು ಟೇಬಲ್ ರಾಕ್‌ನ ಭಾಗ್ಯ. ಅದರ ಗಂಟಲ ಬುಡದಲ್ಲಿ ಕ್ರೇಫಿಶ್‌ನ ಮೀಸೆಗಳೆರಡು ಇಣುಕುತ್ತಿದ್ದವು. ಹೊಟ್ಟೆಗಿಳಿಯದ ಊಟ ಬಾಯಲ್ಲಿರುವಾಗಲೇ ಇನ್ನೊಂದಕ್ಕೆ ಬಾಯಿ ಹಾಕಿತ್ತು. ಅಳೆದು ಬಿಟ್ಟೆವು. 15 ಇಂಚಿಗೆ ಕಡಿಮೆಯಿದ್ದರೆ ಬಿಡಲೇಬೇಕೆಂಬುದು ಇಲ್ಲಿಯ ನಿಯಮ, ಅದಕ್ಕಿಂತ ಉದ್ದವಿದ್ದರೂ ಭಾವ ಬಿಡುತ್ತಾರೆ.

ಮಧ್ಯಾಹ್ನ ಗಾಳಿ ಎದ್ದಿತು. ಬೋಟ್ ಓಲಾಡಿದರೆ ಜಿಗ್ ತಳದಿಂದ ಏಳುತ್ತದೆ, ಕೈಗೆ ಏನೂ ತಿಳಿಯುವುದಿಲ್ಲ. ಮುಕ್ಕಾಲು ಔನ್ಸಿನದಕ್ಕೆ ಬದಲಾಯಿಸಿ, ಗಾಳಿ ಬಡಿಯುವ ದಡವನ್ನೇ ಆರಿಸಿಕೊಂಡೆವು. ಅಲೆ ಬೆಳಕನ್ನು ಒಡೆಯುವುದರಿಂದ ಅಲ್ಲಿ ಬಾಸ್‌ಗೆ ಅನುಮಾನ ಕಡಿಮೆ. ಲಾರ್ಜ್‌ಮೌತ್ ಸಿಕ್ಕಿದ್ದು ಅಲ್ಲೇ, ಮುಳುಗಿದ ಸೀಡರ್ ಒಂದರ ಬುಡದಲ್ಲಿ. ಸ್ಮಾಲ್‌ಮೌತ್ ಮಾತ್ರ ಸಿಗಲಿಲ್ಲ. ಅದಕ್ಕೆಂದು ಮರುದಿನ ಅಣೆಕಟ್ಟಿನ ಕಡೆಯ ತಿಳಿನೀರಿಗೆ ಹೋಗುವುದೆಂದು ಅಲ್ಲೇ ತೀರ್ಮಾನವಾಯಿತು.