ಇಂಟರ್‌ವಲ್ ಆದಮೇಲೆ ಪೊಲೀಸ್ ಕಥೆ ಯಾಕೆ ಕೂತುಬಿಡುತ್ತದೆ?

ಬಳ್ಳಾರಿಯಲ್ಲಿ ಕೂತು ಸಿನಿಮಾ ಬಗ್ಗೆ ಬರೆಯುವವನಿಗೆ, ಅದರಲ್ಲೂ ಕಿರುಚಿತ್ರ ಮಾಡುವ ಹುಡುಗರ ಕಥೆ ಓದಿ ಕೊಡುವವನಿಗೆ, ಒಂದು ಪ್ರಶ್ನೆ ತಪ್ಪಿದ್ದಲ್ಲ. “ಅಣ್ಣಾ, ಪೊಲೀಸ್ ಸೇಡಿನ ಪಿಚ್ಚರ್ ಇಂಟರ್‌ವಲ್ ತನಕ ಭಾರಿ ಇರ್ತೈತಿ. ಆಮ್ಯಾಲ ಯಾಕ ಕುಂತ್ಬಿಡ್ತೈತಿ?”

ಇದನ್ನು ಕೇಳಲು ನಮ್ಮೂರಿನವರಿಗೆ ಅಧಿಕಾರವಿದೆ. 1953ರ ಅಕ್ಟೋಬರ್‌ನಲ್ಲಿ ಮೈಸೂರಿಗೆ ಸೇರುವವರೆಗೂ ಮದ್ರಾಸಿನ ಜತೆಗಿದ್ದ ಜಿಲ್ಲೆ ಇದು. ಆಂಧ್ರದ ಗಡಿ ಪಕ್ಕದಲ್ಲೇ, ಹಾಗಾಗಿ ಮನೆಯಲ್ಲಿ ಕನ್ನಡ ಆಡುವವರಿಗೂ ತೆಲುಗು ಡೈಲಾಗ್ ಬಾಯಿಪಾಠ. ಬೇರೆ ಊರಿನವರು ನೋಡುವ ಖಾಕಿ ಸಿನಿಮಾದ ಎರಡರಷ್ಟನ್ನು ಇಲ್ಲಿಯವರು ನೋಡಿರುತ್ತಾರೆ. ಯಾವ ರೀಲಿನಲ್ಲಿ ಆಕಳಿಕೆ ಬರುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ನನ್ನ ಉತ್ತರ ಇಷ್ಟು: ಇಂಟರ್‌ವಲ್ ಆದಮೇಲೆ ನಾಯಕ ಪೊಲೀಸು ಅನ್ನುವುದನ್ನು ಕಥೆ ಬರೆದವರೇ ಮರೆತಿರುತ್ತಾರೆ.

ಅಚ್ಚು ಎಲ್ಲರಿಗೂ ಗೊತ್ತಿರುವುದೇ. ವರ್ಗವಾಗಿ ಬರುವ ಅಧಿಕಾರಿ, ಸಂತೆಯಲ್ಲಿ ಒಂದು ಹೊಡೆದಾಟ, ಖಳನ ತಮ್ಮನ ಬಂಧನ, ಮೇಲಿನಿಂದ ಫೋನು, ಹೆಂಡತಿಯ ಜತೆ ಒಂದು ಹಾಡು, ಆಮೇಲೆ ಅವಳ ಕೊಲೆ, ಇಂಟರ್‌ವಲ್. ದೀಪ ಆರಿ ಮತ್ತೆ ಶುರುವಾದಾಗ ಕೊಂದವರು ಯಾರು ಅಂತ ನಾಯಕನಿಗೆ ಗೊತ್ತು, ನಮಗೂ ಗೊತ್ತು. ಸೊಂಟದಲ್ಲಿ ಪಿಸ್ತೂಲಿದೆ, ಹೊರಗೆ ಜೀಪಿದೆ, ಹಿಂದೆ ನಾಲ್ಕು ಜನ ಕಾನ್‌ಸ್ಟೆಬಲ್‌ಗಳಿದ್ದಾರೆ. ನೇರ ಹೋಗಿ ಹೊಡೆದರೆ ಕಥೆ ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ಇನ್ನೂ ಒಂದು ಗಂಟೆ ತುಂಬಬೇಕಲ್ಲ! ಅದಕ್ಕೇ ಖಳನಿಗೆ ಬಲಗೈ ಬಂಟ, ಎಡಗೈ ಬಂಟ, ತಮ್ಮ, ಭಾವಮೈದುನ ಅಂತ ಒಂದು ಪಟ್ಟಿ ಮಾಡುತ್ತಾರೆ. ನಾಯಕ ಒಬ್ಬೊಬ್ಬರನ್ನೇ ಮುಗಿಸುತ್ತಾ ಬರುತ್ತಾನೆ. ಮಿರ್ಚಿ ತಿನ್ನಲು ಹೋದವರು ಎರಡು ಕೊಲೆ ತಡವಾಗಿ ಬಂದರೂ ಏನೂ ತಪ್ಪಿಸಿಕೊಂಡಿರುವುದಿಲ್ಲ.

ಹಮಾಲಿಯೋ ರೈತನೋ ಸೇಡಿಗೆ ಹೊರಟರೆ ಈ ತೊಂದರೆ ಇಲ್ಲ. ಅವನ ಹತ್ತಿರ ಆಯುಧವಿಲ್ಲ, ಜನವಿಲ್ಲ, ಹಿಂದೆ ಪೊಲೀಸರು ಬೇರೆ. ಅಡ್ಡಿಗಳು ತಾವಾಗಿಯೇ ಬರುತ್ತವೆ. ಪೊಲೀಸಿನವನಿಗೆ ಎಲ್ಲವೂ ಇದೆ. ಅವನಿಗೆ ಅಡ್ಡಿಯಾಗಬಲ್ಲದ್ದು ಒಂದೇ, ಮೈಮೇಲಿನ ಸಮವಸ್ತ್ರ. ಅದು ಅಡ್ಡಬರದಿದ್ದರೆ ಅಂಥ ಕಥೆಯಲ್ಲಿ ಪೊಲೀಸು ಯಾಕೆ ಬೇಕು? ಬಸ್ ಕಂಡಕ್ಟರ್ ಇದ್ದರೂ ನಡೆಯುತ್ತದೆ.

ಇದನ್ನು ಬಹಳ ಹಿಂದೆಯೇ ಸರಿಯಾಗಿ ಹಿಡಿದವರು ಹಿಂದಿ ಚಿತ್ರಕಥೆಗಾರರ ಜೋಡಿ ಸಲೀಂ–ಜಾವೇದ್. 1973ರ ‘ಜಂಜೀರ್’ ಕಥೆಯಲ್ಲಿ ಎರಡು ಎಳೆಗಳಿವೆ. ಒಂದು ಗಾಯದ ಎಳೆ: ದೀಪಾವಳಿ ರಾತ್ರಿ ಅಪ್ಪ ಅಮ್ಮನನ್ನು ಕೊಂದವನ ಮುಖ ಹುಡುಗನಿಗೆ ಕಂಡಿಲ್ಲ, ಮಣಿಕಟ್ಟಿನ ಸರಪಳಿಯಲ್ಲಿದ್ದ ಕುದುರೆ ಮಾತ್ರ ನೆನಪಿದೆ. ಇನ್ನೊಂದು ಕೇಸಿನ ಎಳೆ: ದೊಡ್ಡವನಾಗಿ ಇನ್‌ಸ್ಪೆಕ್ಟರ್ ಆದವನು ಅಕ್ರಮ ದಂಧೆಯೊಂದರ ಬೆನ್ನು ಹತ್ತುತ್ತಾನೆ. ಎರಡೂ ಒಬ್ಬನ ಬಳಿಗೇ ಹೋಗುತ್ತವೆ ಅನ್ನುವುದು ಅವನಿಗೆ ಬಹಳ ಹೊತ್ತು ಗೊತ್ತಿರುವುದಿಲ್ಲ. ಸುಳ್ಳು ಲಂಚದ ಆರೋಪದಲ್ಲಿ ಕೆಲಸ ಹೋಗಿ ಜೈಲೂ ಆಗುತ್ತದೆ. ಅಷ್ಟರಲ್ಲಿ ಜೂಜಿನ ಅಡ್ಡೆ ನಡೆಸುವ ಶೇರ್ ಖಾನನ ಪ್ರಸಂಗ ಮುಗಿದಿರುತ್ತದೆ. ಠಾಣೆಯಲ್ಲಿ ಕುರ್ಚಿ ಒದ್ದ ಇನ್‌ಸ್ಪೆಕ್ಟರಿಗೆ ಆ ಪಠಾಣ ಹೇಳುವುದು, ಇದು ನಿನ್ನ ವರ್ದಿಯ, ಅಂದರೆ ಸಮವಸ್ತ್ರದ, ಜೋರು ಅಂತ. ಇವನು ಸಾದಾ ಬಟ್ಟೆ ಹಾಕಿಕೊಂಡು ಅವನ ಮೊಹಲ್ಲಾಕ್ಕೇ ಹೋಗಿ ಹೊಡೆದಾಡುತ್ತಾನೆ. ಜನ ಅದನ್ನು ಬರೀ ಫೈಟ್ ಅಂದುಕೊಂಡು ಸಿಳ್ಳೆ ಹೊಡೆದರು. ನನಗಂತೂ ಇಡೀ ಚಿತ್ರದ ಕೀಲಿ ಅಲ್ಲಿದೆ. ವರ್ದಿ ಕಳಚಿದರೆ ಈ ಮನುಷ್ಯ ಏನು ಅನ್ನುವ ಪ್ರಶ್ನೆಯನ್ನು ಮೊದಲೇ ಹಾಕಿಟ್ಟು, ಮುಂದೆ ನಿಜವಾಗಿಯೂ ವರ್ದಿ ಕಳಚಿಸುತ್ತಾರೆ.

ಎರಡು ವರ್ಷದ ನಂತರ ಅದೇ ಜೋಡಿ ‘ಶೋಲೆ’ಯಲ್ಲಿ ಬೇರೆ ಉಪಾಯ ಹೂಡಿತು. ರಾಮನಗರದ ಬಂಡೆಗಳ ನಡುವೆ ತೆಗೆದ ಆ ಚಿತ್ರವನ್ನು ಎಲ್ಲರೂ ಇಬ್ಬರು ಗೆಳೆಯರ ಕಥೆ ಅನ್ನುತ್ತಾರೆ. ಹಂದರ ನೋಡಿದರೆ ಅದು ಅಪ್ಪಟ ಪೊಲೀಸ್ ಸೇಡಿನ ಕಥೆ. ಠಾಕೂರ್ ಹಿಂದೆ ಪೊಲೀಸ್ ಅಧಿಕಾರಿ, ಅವನ ಮನೆಮಂದಿಯನ್ನು ಕೊಂದವನು ಡಕಾಯಿತ ಗಬ್ಬರ್. ಠಾಕೂರನ ಕೈಗಳನ್ನೇ ಕತ್ತರಿಸಿಬಿಟ್ಟರು ಬರೆದವರು, ಬಾಡಿಗೆಗೆ ಇಬ್ಬರು ಕಳ್ಳರನ್ನು ತಂದರು. ಅಂದರೆ ನ್ಯಾಯ ಒಬ್ಬನಲ್ಲಿ, ತೋಳು ಇನ್ನಿಬ್ಬರಲ್ಲಿ. ಅದರ ಮೇಲೊಂದು ಷರತ್ತು: ಗಬ್ಬರ್ ಜೀವಂತ ಬೇಕು. ಈ ಒಂದು ಷರತ್ತು ದ್ವಿತೀಯಾರ್ಧದ ಪ್ರತಿ ಹೊಡೆದಾಟವನ್ನೂ ಕಷ್ಟ ಮಾಡುತ್ತದೆ. ಕೊಲ್ಲುವುದಾಗಿದ್ದರೆ ದೂರದಿಂದ ಒಂದು ಗುಂಡು ಸಾಕಿತ್ತು.

ಕೊನೆ ದೃಶ್ಯದ ಕಥೆ ಇನ್ನೂ ಚೆನ್ನಾಗಿದೆ. ಮೊದಲು ಚಿತ್ರೀಕರಿಸಿದಂತೆ ಠಾಕೂರ್ ಮೊಳೆ ಹೊಡೆದ ಚಪ್ಪಲಿಯಲ್ಲಿ ಗಬ್ಬರನನ್ನು ತುಳಿದು ಕೊಂದೇಬಿಡುತ್ತಾನೆ. ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. 1975, ತುರ್ತುಪರಿಸ್ಥಿತಿ ಬೇರೆ; ಪೊಲೀಸ್ ಆಗಿದ್ದವನೇ ಕಾನೂನು ಕೈಗೆತ್ತಿಕೊಂಡರೆ ಹೇಗೆ? ಕೊನೇ ಗಳಿಗೆಯಲ್ಲಿ ಪೊಲೀಸರು ಬಂದು ತಡೆಯುವಂತೆ ಮತ್ತೆ ಚಿತ್ರೀಕರಿಸಿದರು. ಯಾವುದು ಒಳ್ಳೆಯದು ಅನ್ನುವ ಜಗಳ ಇನ್ನೂ ನಿಂತಿಲ್ಲ. ಕೊಲ್ಲುವ ಕೊನೆಯೇ ನನಗೆ ಇಷ್ಟ. ಆದರೆ ಜಗಳ ನಿಂತಿಲ್ಲವಲ್ಲ, ಕಥೆಯ ಹಂದರ ಗಟ್ಟಿ ಅನ್ನಲು ಅದೇ ಸಾಕ್ಷಿ. ಎರಡೂ ಕೊನೆಗಳಿಗೆ ಅಲ್ಲಿ ಜಾಗವಿದೆ.

ಪಕ್ಕದ ರಾಯಚೂರು ಜಿಲ್ಲೆಯ ಮಾನ್ವಿ ಹತ್ತಿರದ ಅಮರೇಶ್ವರ ಕ್ಯಾಂಪಿನಲ್ಲಿ ಹುಟ್ಟಿದ ರಾಜಮೌಳಿ 2006ರಲ್ಲಿ ‘ವಿಕ್ರಮಾರ್ಕುಡು’ ಮಾಡಿದಾಗ ಇದೇ ಉಪಾಯವನ್ನು ದ್ವಿಪಾತ್ರಕ್ಕೆ ತಿರುಗಿಸಿದರು. ಕಥೆ ಅವರ ತಂದೆ ವಿಜಯೇಂದ್ರ ಪ್ರಸಾದರದು. 2009ರಲ್ಲಿ ಸುದೀಪ್ ಅದನ್ನೇ ಕನ್ನಡಕ್ಕೆ ‘ವೀರ ಮದಕರಿ’ಯಾಗಿ ತಂದರು. ಪ್ರಾಮಾಣಿಕ ಅಧಿಕಾರಿ ಒಬ್ಬ, ಅವನ ಹಾಗೇ ಕಾಣುವ ಕಳ್ಳ ಇನ್ನೊಬ್ಬ. ಅಧಿಕಾರಿ ಸಾಯುತ್ತಾನೆ, ಕಳ್ಳ ಅವನ ವರ್ದಿ ಹಾಕಿಕೊಂಡು ಸೇಡಿಗೆ ಹೋಗುತ್ತಾನೆ. ಸತ್ತವನ ವರ್ದಿಗೆ ಕಲೆ ಹತ್ತಲಿಲ್ಲ, ಬದುಕಿದವನಿಗೆ ಕಳೆದುಕೊಳ್ಳಲು ನೌಕರಿಯೇ ಇಲ್ಲ. ಒಬ್ಬ ಮನುಷ್ಯ ಹೊರಲಾಗದ ಭಾರವನ್ನು ಇಬ್ಬರಿಗೆ ಹಂಚಿದ್ದು ಜಾಣತನ. ಸ್ವಲ್ಪ ಸುಲಭದ ದಾರಿಯೂ ಹೌದು ಅನ್ನಿ.

ಫ್ಲ್ಯಾಶ್‌ಬ್ಯಾಕ್ ಎಲ್ಲಿ ಇಡಬೇಕು ಅನ್ನುವುದು ಹುಡುಗರ ಇನ್ನೊಂದು ತಲೆನೋವು. ಪ್ರೇಕ್ಷಕನ ತಲೆಯಲ್ಲಿ ಪ್ರಶ್ನೆ ಹುಟ್ಟಿದ ಮೇಲೆ, ಅದಕ್ಕೆ ಮುಂಚೆ ಬೇಡ. ‘ಶೋಲೆ’ಯಲ್ಲಿ ಹೋಳಿಯ ದಿನ ದಾಳಿಯಾದಾಗ ಬಂದೂಕು ಕಾಲ ಬಳಿಯೇ ಬಿದ್ದಿದ್ದರೂ ಠಾಕೂರ್ ಎತ್ತಿ ಕೊಡಲಿಲ್ಲ. ಯಾಕೆ ಅಂತ ನಮಗೆ ಸಿಟ್ಟು ಬಂದಾಗಲೇ ಹಿಂದಿನ ಕಥೆ ಶುರುವಾಗುತ್ತದೆ. ನಮ್ಮಲ್ಲಿ ಇದು ಹೊಸ ವಿದ್ಯೆಯೇನಲ್ಲ. ಹತ್ತನೆಯ ಶತಮಾನದ ರನ್ನ ‘ಗದಾಯುದ್ಧ’ದಲ್ಲಿ ಭಾರತ ಯುದ್ಧದ ಕೊನೆಗೆ ನಿಂತು ಸಿಂಹಾವಲೋಕನ ಕ್ರಮದಲ್ಲಿ ಹಿಂದಿನದನ್ನೆಲ್ಲ ತೋರಿಸಿದವನು. ಅದೂ ಸೇಡಿನ ಕಥೆಯೇ. ತೊಡೆಗೆ ಹೊಡೆಯುವುದು ಗದಾಯುದ್ಧದ ನಿಯಮಕ್ಕೆ ವಿರುದ್ಧ, ಭೀಮನ ಶಪಥವೋ ತೊಡೆ ಮುರಿಯುವುದೇ. ನಿಯಮ ಮತ್ತು ಶಪಥ ಒಂದಕ್ಕೊಂದು ಅಡ್ಡ ನಿಂತಾಗ ಬಯಲಾಟದ ಜನ ಬೆಳತನಕ ಎದ್ದು ಕೂರುತ್ತಾರೆ.

ಹಾಗಾದರೆ ಇವತ್ತಿನ ಪೊಲೀಸ್ ಕಥೆಗೆ ನಿಯಮ ಎಲ್ಲಿಂದ ತರುವುದು? ಠಾಣೆಯಿಂದಲೇ. ಲಾಕಪ್ಪಿನಲ್ಲಿ ಬಂಟನನ್ನು ತಲೆಕೆಳಗೆ ನೇತುಹಾಕಿ ಬಾಯಿಬಿಡಿಸುವ ದೃಶ್ಯ ಇಲ್ಲದ ಸ್ಕ್ರಿಪ್ಟ್ ನನ್ನ ಕೈಗೆ ಬಂದೇ ಇಲ್ಲ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತಿಗೆ ಬಳಸುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂನಲ್ಲಿತ್ತು, 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾಯ್ದೆಯ 23ನೇ ಕಲಂನಲ್ಲೂ ಇದೆ. ನಾಯಕ ಹೊಡೆದು ಹೇಳಿಸಿಕೊಂಡ ಹೆಸರು ಅವನ ಸಿಟ್ಟಿಗೆ ಚಿನ್ನ, ಕೋರ್ಟಿಗೆ ಸೊನ್ನೆ. ಇಷ್ಟು ಒಳ್ಳೆಯ ಇಕ್ಕಟ್ಟು ಪುಕ್ಕಟೆ ಸಿಗುತ್ತಿರುವಾಗ ಅದನ್ನು ಬಿಟ್ಟು ಮೂರನೇ ಬಂಟನನ್ನು ಹುಡುಕುವುದೇಕೆ?

ನಮ್ಮ ಸೀಮೆಯಲ್ಲೇ ಒಂದು ಕಟ್ಟಿ ತೋರಿಸುತ್ತೇನೆ. (ಬೆಂಗಳೂರಿನಿಂದ ಬರುವ ಸ್ಕ್ರಿಪ್ಟುಗಳಲ್ಲಿ ಬಳ್ಳಾರಿ ಅಂದರೆ ಕೆಂಪು ಧೂಳು, ಬಿಳಿ ಅಂಗಿ, ಖಳ. ನಮ್ಮ ಹುಡುಗರ ಸ್ಕ್ರಿಪ್ಟಿನಲ್ಲಿ ಖಳ ಮುಂಬೈಯವನು. ಇಬ್ಬರೂ ತಮ್ಮ ಓಣಿ ನೋಡುವುದಿಲ್ಲ.) ಊರ ಹೊರಗಿನ ಚೆಕ್‌ಪೋಸ್ಟಿನಲ್ಲಿ ರಾತ್ರಿ ಪರ್ಮಿಟ್ ಇಲ್ಲದ ಅದಿರು ಲಾರಿಗೆ ಕೈ ಅಡ್ಡ ಹಿಡಿದ ಹೆಡ್ ಕಾನ್‌ಸ್ಟೆಬಲ್ ಮೇಲೆ ಲಾರಿ ಹರಿಯುತ್ತದೆ. ಪಕ್ಕದಲ್ಲಿದ್ದ ಪಿಎಸ್‌ಐಗೆ ಕೆಲಸ ಕಲಿಸಿದ್ದೇ ಆ ಹಿರಿಯ. ಪಿಎಸ್‌ಐ ಈಗ ಸಾಕ್ಷಿ, ಹಾಗಾಗಿ ತನಿಖೆ ಬೇರೆಯವರ ಕೈಗೆ. ಅವನಿಗೆ ಕೊಪ್ಪಳ ಜಿಲ್ಲೆಗೆ ವರ್ಗ. ಲಾರಿ ಡ್ರೈವರ್ ಗಂಗಾವತಿಯಲ್ಲಿ ಅಡಗಿದ್ದಾನೆ, ಇಂಟರ್‌ವಲ್‌ಗೆ ಸರಿಯಾಗಿ ಇವನ ಕೈಗೇ ಸಿಗುತ್ತಾನೆ.

ಇಲ್ಲಿ ನಿಲ್ಲಿಸಿ. ಕೊಂದವನು ಕೈಯಲ್ಲಿದ್ದಾನೆ, ರಾತ್ರಿ, ಯಾರೂ ನೋಡುತ್ತಿಲ್ಲ. ಗಾಯದ ಎಳೆ ಹೇಳುತ್ತದೆ, ಮುಗಿಸಿಬಿಡು ಅಂತ. ಆದರೆ ಲಾರಿ ಹರಿಸು ಅಂತ ಫೋನಿನಲ್ಲಿ ಹೇಳಿದ ಮಾಲೀಕನ ಹೆಸರು ಗೊತ್ತಿರುವುದು ಈ ಡ್ರೈವರ್ ಒಬ್ಬನಿಗೇ, ಅದನ್ನು ಅವನು ಮ್ಯಾಜಿಸ್ಟ್ರೇಟ್ ಎದುರು ಹೇಳಬೇಕು. ತಾನು ಕೊಲ್ಲಬೇಕೆಂದಿರುವವನನ್ನೇ ಕಾಪಾಡಿಕೊಂಡು ಬಳ್ಳಾರಿಗೆ ತರಬೇಕು. ಕಂಪ್ಲಿ ದಾರಿ ಹತ್ತಿರ, ಆದರೆ ತುಂಗಭದ್ರಾ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಮಳೆಗಾಲದಲ್ಲಿ ಇದು ನಮಗೆಲ್ಲ ಗೊತ್ತಿರುವ ಸಂಗತಿ. ಹೊಸಪೇಟೆ ಸುತ್ತಿ ಬರಬೇಕು, ಅಲ್ಲಿಂದ ಮುಂದೆ ಅದೇ ಲಾರಿಗಳ ರಸ್ತೆ. ಬಂಟರ ಪಟ್ಟಿ ಬೇಕಾಗಿಲ್ಲ. ದಾರಿಯೇ ಒಂದು ಗಂಟೆ ತುಂಬುತ್ತದೆ.

ಖಳನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನಿಗೆ ನಾಯಕನ ಮೇಲೆ ದ್ವೇಷಕ್ಕಿಂತ ತನ್ನ ಸಾಮಾನು ಸಾಗಬೇಕೆಂಬ ಅವಸರ ಹೆಚ್ಚಿದ್ದರೆ ಸಾಕು. ಇನ್ನು ಹೆಂಡತಿ. ಅವಳನ್ನು ಕೊಲ್ಲಲಿಕ್ಕೆಂದೇ ಬರೆಯುವುದನ್ನು ದಯವಿಟ್ಟು ಬಿಡಿ. ವರ್ಗ, ಅರ್ಧಕ್ಕೆ ನಿಂತ ಮಕ್ಕಳ ಶಾಲೆ, ಅಮಾನತಾದರೆ ಕೈಗೆ ಬರುವ ಅರ್ಧ ಸಂಬಳ, ಇದೆಲ್ಲ ಅವಳ ಪಾಲಿಗೂ ಬರುತ್ತದೆ. ಬದುಕಿದ್ದು ಅಡ್ಡ ಮಾತಾಡುವ ಹೆಂಡತಿ, ಹಾರ ಹಾಕಿದ ಫೋಟೋಗಿಂತ ಹತ್ತು ಪಟ್ಟು ಉಪಯೋಗದ ಪಾತ್ರ.

ಕೊನೆಗೆ ಖಳನನ್ನು ಹೊಡೆಯಲೇಬೇಕು ಅನ್ನುವವರು ಗುಂಡಿನ ನಂತರದ ದೃಶ್ಯವನ್ನೂ ಬರೆಯಲಿ. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಪ್ರಕರಣದಲ್ಲಿ ಎನ್‌ಕೌಂಟರ್ ಸಾವುಗಳಿಗೆ ನಿಯಮ ಹಾಕಿಕೊಟ್ಟಿದೆ. ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯ ತಂಡ ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು, ಗುಂಡು ಹಾರಿಸಿದವನು ಆಯುಧ ಒಪ್ಪಿಸಬೇಕು. ಘಟನೆಯ ಬೆನ್ನಿಗೇ ಪದಕವಾಗಲಿ, ಸರದಿ ತಪ್ಪಿಸಿ ಬಡ್ತಿಯಾಗಲಿ ಇಲ್ಲ. ನಮ್ಮ ಸಿನಿಮಾಗಳು ಮುಗಿಯುವುದೇ ಪದಕದಲ್ಲಿ.

ಇಷ್ಟು ಹೇಳುವ ಹೊತ್ತಿಗೆ ಹುಡುಗರ ಮುಖ ಸಪ್ಪಗಾಗಿರುತ್ತದೆ. “ಹಂಗಾದ್ರ ಫೈಟ್ ಎಲ್ಲಿ ಇಡೋದಣ್ಣ?” ಹೊಸಪೇಟೆ–ಬಳ್ಳಾರಿ ನಡುವಿನ ತೋರಣಗಲ್ಲು ದಾಟಿದ ಮೇಲೆ ಇಡ್ರಪ್ಪ, ಬೇಕಾದಷ್ಟು ಉದ್ದ ಇಡ್ರಿ. ಡ್ರೈವರ್‌ನ ಮುಗಿಸೋಕೆ ಬಂದವರ ಜತೆ ಪಿಎಸ್‌ಐ ಬಡಿದಾಡಲಿ. ಜೀಪಿನಲ್ಲಿ ಕೂತ ಡ್ರೈವರ್‌ಗೆ ಮಾತ್ರ, ಬಂದವರಿಗೆ ಹೆದರಬೇಕೋ ಕಾಪಾಡುತ್ತಿರುವವನಿಗೆ ಹೆದರಬೇಕೋ ಅನ್ನೋದು ಕೊನೇತನಕ ಗೊತ್ತಾಗಬಾರದು.