ಮಾಗಿ ಚಳಿಗೆ ಮೊದಲು ಕೋಳಿ ಗೂಡು

ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ನಮ್ಮ ಮೂಡಿಗೆರೆ ಕಡೆ ಕೋಳಿ ಗೂಡಿನ ಕೆಲಸ ಹಿಡಿಯಬೇಕು. ಡಿಸೆಂಬರ್ ಬಂತೆಂದರೆ ಬೆಳಗ್ಗೆ ಮಂಜು, ಒದ್ದೆ ಅಂಗಳ. ಚಳಿ ಅಂತ ಹೆದರಿ ತುಂಬಾ ಜನ ಗೂಡಿನ ಸುತ್ತ ಟಾರ್ಪಾಲು ಸುತ್ತಿ, ಸಂದಿಗೊಂದಿಗೆಲ್ಲ ಗೋಣಿಚೀಲ ತುರುಕಿ, ಒಂಚೂರೂ ಗಾಳಿ ಆಡದ ಹಾಗೆ ಮುಚ್ಚಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಬೆಳೆದ ಕೋಳಿ ನಮ್ಮೂರ ಚಳಿ ಆರಾಮಾಗಿ ತಡೆಯುತ್ತದೆ. ನಾಟಿಯಾಗಲಿ ಗಿರಿರಾಜ ತಳಿಯಾಗಲಿ, ಮೈ ಬಿಸಿಯೇ 41 ಡಿಗ್ರಿ ಆಸುಪಾಸು ಇರುತ್ತದೆ, ಪುಕ್ಕ ಉಬ್ಬಿಸಿ ಕೂತರೆ ಒಳಗೆ ಹಿಡಿದ ಗಾಳಿಯೇ ಕಂಬಳಿ. ಕೋಳಿಯನ್ನು ಕೆಡಿಸುವುದು ತೇವ. ರಾತ್ರಿಯಿಡೀ ಅವು ಬಿಡುವ ಉಸಿರು, ಹಿಕ್ಕೆಯ ಹಸಿ, ಎರಡಕ್ಕೂ ಹೊರಗೆ ಹೋಗೋ ದಾರಿ ಇಲ್ಲದಿದ್ದರೆ ತಣ್ಣಗಿನ ತಗಡಿಗೆ ತಾಗಿ ನೀರಾಗಿ ಕೋಳಿಗಳ ಬೆನ್ನ ಮೇಲೇ ತೊಟ್ಟಿಕ್ಕುತ್ತದೆ. ಬೆಳಗ್ಗೆ ಆರಕ್ಕೆ ತಗಡಿನ ಒಳಮೈಗೆ ಅಂಗೈ ಒತ್ತಿ ನೋಡಿ. ಕೈ ಒದ್ದೆಯಾದರೆ ಗೂಡಿಗೆ ಗಾಳಿ ಸಾಲುತ್ತಿಲ್ಲ. ಆಮೇಲೆ ಕುಕ್ಕರಗಾಲಲ್ಲಿ ಕೂತು ಕೋಳಿಯ ಎತ್ತರದಲ್ಲಿ ಮೂಸಿ. ಕಣ್ಣು ಉರಿಯುವಷ್ಟು ಅಮೋನಿಯಾ ಘಾಟು ಬಂದರೆ ಅವುಗಳ ಶ್ವಾಸಕೋಶದ ಗತಿ ಏನಾಗಬೇಕು?

ಹಾಗಾಗಿ ಕೆಳಗೆ ಮುಚ್ಚಿ, ಮೇಲೆ ಬಿಡಿ. ಕೋಳಿ ಕೂರುವ ಎತ್ತರದವರೆಗೆ ಗಾಳಿ ನೇರ ಹೊಡೆಯಬಾರದು. ಅದಕ್ಕಿಂತ ಮೇಲೆ, ಮಾಡಿನ ಕೆಳಗೆ, ಎರಡೂ ಕಡೆ ಗೇಣಗಲದ ಸಂದಿ ಇರಲಿ, ಕಾಡುಬೆಕ್ಕು ಮುಂಗುಸಿ ನುಗ್ಗದ ಹಾಗೆ ಗಟ್ಟಿ ಜಾಲರಿ ಹೊಡೆಯಿರಿ. ತಗಡಿನ ಮೇಲೆ ಅಡಿಕೆ ಸೋಗೆ ಹೊದಿಸಿದರೆ ನೀರು ತೊಟ್ಟಿಕ್ಕುವುದು ಎಷ್ಟೋ ಕಮ್ಮಿಯಾಗುತ್ತದೆ. ಕೂರಲು ಅಗಲವಾದ ಅಡಿಕೆ ದಬ್ಬೆ ಹಾಕಿ, ಬೆರಳುಗಳು ಹೊಟ್ಟೆಯ ಪುಕ್ಕದ ಅಡಿಯಲ್ಲಿ ಬೆಚ್ಚಗಿರುತ್ತವೆ.

ನೆಲಕ್ಕೆ ನಾಲ್ಕಿಂಚು ಭತ್ತದ ಹೊಟ್ಟು. ಆಗಾಗ ಕೆದಕಿ, ಒಂದು ಹಿಡಿ ತೆಗೆದು ಹಿಂಡಿ ನೋಡಿ. ಉಂಡೆ ಕಟ್ಟಿದರೆ ತೇವ ಜಾಸ್ತಿ ಅಂತ ಅರ್ಥ, ಒದ್ದೆಯಾದದ್ದನ್ನು ತೆಗೆದು ಒಣ ಹೊಟ್ಟು ಸೇರಿಸಿ.

ಜಾಲರಿ ಕಟ್ಟಿದ ಅಂಗಳಕ್ಕೆ ಬೇರೆ ಲೆಕ್ಕ. ಮಳೆಗಾಲದಲ್ಲಿ ಪಡುವಣದಿಂದ ಬೀಸಿದ ಗಾಳಿ ಈಗ ಮೂಡಣದಿಂದ ಬರುತ್ತದೆ, ಟಾರ್ಪಾಲನ್ನೂ ಆ ಕಡೆಗೇ ಕಟ್ಟಬೇಕು. ಬಿಸಿಲೂ ಅಲ್ಲಿಂದಲೇ ಬರಬೇಕಲ್ವಾ? ಅದಕ್ಕೇ ಬೆಳಗ್ಗೆ ಸುತ್ತಿ ಮೇಲಕ್ಕೆ ಕಟ್ಟುವ ಹಾಗಿರಲಿ. ಒಂದು ಮೂಲೆಗೆ ಸೂರು ಮಾಡಿ ಬೂದಿ, ಒಣಮಣ್ಣು ಹಾಕಿ, ಹೊರಳಾಡಿ ಹೇನು ಕಳೆದುಕೊಳ್ಳುತ್ತವೆ. ಸಂಜೆ ಗೂಡು ಸೇರುವ ಮುಂಚೆ ಒಂದಿಷ್ಟು ಮುಸುಕಿನ ಜೋಳ ಎರಚಿ.

ಮೊಟ್ಟೆ ಕಮ್ಮಿಯಾಗುತ್ತದೆ, ಗಾಬರಿ ಬೇಡ. ಚೆನ್ನಾಗಿ ಮೊಟ್ಟೆ ಇಡಲು 14 ಗಂಟೆಯಾದರೂ ಬೆಳಕು ಬೇಕು, ಡಿಸೆಂಬರ್‌ನಲ್ಲಿ ನಮಗೆ ಸಿಗುವ ಹಗಲು ಹನ್ನೊಂದೂವರೆ ಗಂಟೆಯೂ ಇಲ್ಲ. ಬಲ್ಬು ಹಾಕಿ ಇಡಿಸಬಹುದು, ಆದರೆ ಮನೆಮಟ್ಟಿಗೆ ಸಾಕುವವರು ಅವಕ್ಕೆ ಸುಮ್ನೆ ಒಂದೆರಡು ತಿಂಗಳು ಬಿಡುವು ಕೊಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ತಾಯಿಯಿಲ್ಲದ ಮರಿಗಳಿಗೆ ಮಾತ್ರ ಬಲ್ಬು ಬೇಕೇ ಬೇಕು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರರಷ್ಟು ಇಳಿಸಿ. ಬಲ್ಬಿನಡಿ ಗುಂಪುಗಟ್ಟಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ. ಬಲ್ಬನ್ನು ಸರಪಳಿಯಿಂದ ಭದ್ರವಾಗಿ ತೂಗುಹಾಕಿ, ಹೊಟ್ಟಿನ ಮೇಲೆ ಬಿದ್ದರೆ ಗೂಡೇ ಉರಿದುಹೋಗುತ್ತದೆ.

ಇಷ್ಟರ ಜೊತೆಗೆ, ಕೋಳಿಯಿಂದ ಕೋಳಿಗೆ ಹರಡುವ ರಾಣಿಖೇತ್ ರೋಗಕ್ಕೆ ಲಸಿಕೆ. ಕಾಯಿಲೆ ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಬೇಗ ಮುಗಿಸಬೇಕು, ಆದ್ದರಿಂದ ಅಕ್ಕಪಕ್ಕದವರನ್ನೆಲ್ಲ ಸೇರಿಸಿಕೊಂಡು ಒಂದೇ ದಿನ ಹಾಕಿಸಿ, ಪಶು ಆಸ್ಪತ್ರೆಯಿಂದ ತರುವಾಗ ಫ್ಲಾಸ್ಕಿನಲ್ಲಿ ಐಸ್ ಇಟ್ಟುಕೊಂಡು ಹೋಗಿ.